ಸಂಸದ ಪೆಟಿಗ್ರೂ ಸಾಲಿನ ಕೊನೆಗೆ ನಿಂತ ದಿನ

ಹೋರೇಸ್ ಪೆಟಿಗ್ರೂ ಮೊದಲು ನಮ್ಮ ಅಲಬಾಮಾ ಗುಡ್ಡಗಾಡಿನ ದನದ ಡಾಕ್ಟರು. ಹೇಸರಗತ್ತೆಗೆ ಔಷಧ ಕುಡಿಸುತ್ತಲೇ ರಾಜಕೀಯ ಮಾತಾಡುತ್ತಿದ್ದ. "ಪೇಟೆಯವರಿಗೆ ಕರೆಂಟು, ನಿಮಗೆ ಸೀಮೆಎಣ್ಣೆ ಬುಡ್ಡಿ. ಯಾಕ್ರಯ್ಯಾ, ನಿಮ್ಮ ಕಣ್ಣೇನು ಬೇರೆ ಥರವಾ?" ಎಂದು ಕೇಳುತ್ತ ಕೇಳುತ್ತಲೇ ಗೆದ್ದು ವಾಷಿಂಗ್ಟನ್ನಿಗೆ ಸಂಸದನಾಗಿ ಹೋದ. ಕರೆಂಟನ್ನೂ ತಂದ! ಮೊದಲ ದೀಪ ಹತ್ತಿದಾಗ ನನ್ನಜ್ಜಿ ಮೂಲೆಯ ಜೇಡರಬಲೆ ಕಂಡು ನಾಚಿ, ನೆಂಟರನ್ನು ಹೊರಗಟ್ಟಿ ಪೊರಕೆ ಹಿಡಿದಳು.

ಆಮೇಲೆ ಬಹಳ ವರ್ಷ ಅವನನ್ನು ಯಾರೂ ಅಲುಗಾಡಿಸಲಾಗಲಿಲ್ಲ. ಸಾವಿರದ ಒಂಬೈನೂರ ಅರವತ್ತೈದರಲ್ಲಿ, ನಮ್ಮ ಕಡೆ ಓಟಿನ ಹತ್ತಿರಕ್ಕೂ ಬಿಡದಿದ್ದ ಕಪ್ಪುಜನರ ಮತದ ಹಕ್ಕಿನ ಮಸೂದೆ ಬಂತು. ಹೋರೇಸ್ 'ಹೌದು' ಎಂದುಬಿಟ್ಟ.

ಅವನು ರೈಲಿಳಿದಾಗ ಬಾಲ್ಯದ ಗೆಳೆಯ, ಹತ್ತಿ ಗಿರಣಿಯ ಬ್ಯೂಫರ್ಡ್ ಲೈಲ್, ಎದುರಿಗೇ ನಿಂತಿದ್ದ.

"ದ್ರೋಹಿ ಕಣೋ ನೀನು! ಇನ್ನು ಈ ಊರಲ್ಲಿ ನಾಯೀನೂ ನಿನಗೆ ಓಟು ಹಾಕಲ್ಲ."

"ನಾಯಿಗಳ ಹತ್ರ ನಾನೇ ಮಾತಾಡ್ಕೋತೀನಿ ಬಿಡೋ. ನಿನಗಿಂತ ಹಳೇ ಪರಿಚಯ."

ಜನ ನಕ್ಕರು. ಆದರೆ ಅದೇ ವಾರ ಅವನ ಕಿಟಕಿಗೆ ಕಲ್ಲು ಬಿತ್ತು.

ಮರುವರ್ಷದ ಚುನಾವಣೆಯ ಬೆಳಗ್ಗೆ ನನ್ನ ಕ್ಷೌರದಂಗಡಿಯ ಬಾಗಿಲು ತೆರೆದರೆ, ಓಟು ಹಾಕುವ ಎದುರಿನ ಕೋರ್ಟಿನಿಂದ ಮರದ ಡಿಪೋವರೆಗೂ ಸಾಲು! ಕಪ್ಪುಜನರು ಭಾನುವಾರ ಚರ್ಚಿಗೆ ಹಾಕುವ ಒಳ್ಳೇ ಬಟ್ಟೆ ತೊಟ್ಟು ನಿಂತಿದ್ದರು. ಅವರಲ್ಲೊಬ್ಬಳು ಎಸ್ಟರ್ ಮೋಸ್ಲಿ. ಶಾಲಾ ಟೀಚರು, ತನ್ನ ವಾರ್ಡಿನಿಂದ ಶಾಲಾ ಮಂಡಳಿಯ ಚುನಾವಣೆಗೆ ತಾನೇ ನಿಂತಿದ್ದಳು. ಹೋರೇಸ್ ಬಂದ. ಕೋರ್ಟಿನ ಗುಮಾಸ್ತ ಓಡಿಬಂದ.

"ನಿಮಗ್ಯಾಕೆ ಸರ್ ಸಾಲು? ಒಳಗೆ ಬನ್ನಿ."

"ಇವರನ್ನ ಇಷ್ಟು ವರ್ಷ ಕಾಯಿಸಿದೀವಿ. ಒಂದು ಬೆಳಗ್ಗೆ ಕಾದ್ರೆ ನಾನೇನು ಸವೆದು ಹೋಗ್ತೀನೇನಯ್ಯಾ?"

ಟೋಪಿ ಸರಿಮಾಡಿಕೊಂಡು ಸಾಲಿನ ಕೊನೆಗೆ ನಡೆದ. ನನ್ನ ಕತ್ತರಿ ನಿಂತೇಹೋಯಿತು. ಕುರ್ಚಿಯಲ್ಲಿದ್ದವನ ಅರ್ಧ ಮೀಸೆ ಹಾಗೇ ಉಳಿಯಿತು. ಹಾದುಹೋಗುತ್ತಿದ್ದ ಹೋರೇಸನಿಗೆ ಎಸ್ಟರ್ ಬೇಯಿಸಿದ ಕಡಲೆಕಾಯಿ ಪೊಟ್ಟಣ ಚಾಚಿದಳು.

"ತಗೊಳ್ಳಿ ಸಂಸದರೇ. ಇವತ್ತು ನಿಮ್ಮ ಕುರ್ಚಿ ಹೋಗೋ ಹಾಗಿದೆ."

"ಹೋದ್ರೆ ಹೋಗ್ಲಿ ಟೀಚರಮ್ಮ. ನೀವು ಗೆಲ್ಲಿ."

ಸಂಜೆ ಕೋರ್ಟಿನ ಮೆಟ್ಟಿಲ ಮೇಲೆ ಗುಮಾಸ್ತ ಫಲಿತಾಂಶ ಓದಿದ. ಹೋರೇಸ್ ಸೋತಿದ್ದ, ಚೆನ್ನಾಗಿಯೇ ಸೋತಿದ್ದ. ಬ್ಯೂಫರ್ಡ್ ಸಿಳ್ಳೆ ಹೊಡೆದ. ಮುಂದಿನ ಹೆಸರು ಬಂತು: "ಶಾಲಾ ಮಂಡಳಿ, ಎಸ್ಟರ್ ಮೋಸ್ಲಿ, ಗೆಲುವು!"

ಕಪ್ಪುಜನರು ನಿಂತಿದ್ದ ಕಡೆ ಅಂಗಳಕ್ಕೆ ಅಂಗಳವೇ ಕುಣಿದೆದ್ದಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಹೋರೇಸ್. ಹೆಂಡತಿ ಮೇಬಲ್ ಕೋಟು ಹಿಡಿದೆಳೆದಳು.

"ರೀ, ಸೋತಿರೋದು ನೀವು ಕಣ್ರೀ!"

"ಗೊತ್ತು ಕಣೇ, ಗೊತ್ತು! ನೀನೂ ಕೂಗೇ!"

ಮೇಬಲ್ ಸುತ್ತ ನೋಡಿದಳು. ಆಮೇಲೆ ಕೂಗಿದಳು ನೋಡಿ, ನನ್ನ ಅಂಗಡಿಯ ಕನ್ನಡಿ ನಡುಗುವ ಹಾಗೆ.