ಎರಡನೆಯ ಹೆಲ್ಮೆಟ್

ದೂರದ ಊರುಗಳಿಗೆ ಹೋಗಲೆಂದು ಕೊಂಡ ಸೈಕಲ್ಲಿಗೆ ನಾನು ಏನೇನು ಹಾಕಿಸಲಿಲ್ಲ! ಹಿಂದಿನ ಚಕ್ರದ ಎರಡೂ ಬದಿಗೆ ಮಳೆಗೆ ನೆನೆಯದ ಚೀಲ, ಮುಂದೆ ದೀಪ, ಪಂಪು, ಪಂಕ್ಚರ್ ಸಾಮಾನು. ಹೆಲ್ಮೆಟ್ ಮಾತ್ರ ಎರಡು ಕೊಂಡೆ. ಆಫೀಸಿನ ಪಕ್ಕದ ಮೇಜಿನವರು ಮಗಳ ಸೈಕಲ್ ತೆಗೆದುಕೊಂಡು ಜೊತೆಗೆ ಬರುತ್ತೇನೆ ಎಂದಿದ್ದರು. ಅವರ ತಲೆಗೊಂದು ಇರಲಿ ಎಂದು ನಾನೇ ತಂದಿದ್ದೆ.

ಭಾನುವಾರ ಬೆಳಿಗ್ಗೆ ದಾವಣಗೆರೆಯ ವಿನೋಬನಗರದ ಮೂಲೆಯಲ್ಲಿ ಮುಕ್ಕಾಲು ಗಂಟೆ ಕಾದ ಮೇಲೆ ಅವರ ಫೋನ್ ಬಂತು. "ಇವತ್ತು ಬ್ಯಾಡ ಬಿಡ್ರಿ. ಹರಿಹರಕ್ಕೆ ಬೇಕಾದಷ್ಟು ಬಸ್ ಅದಾವಲ್ರಿ, ಯಾಕ ತುಳೀತೀರಿ?" ಸಿಟ್ಟಿಗೆ ಫೋನಿಟ್ಟೆ. ಅವರ ಹೆಲ್ಮೆಟ್ಟನ್ನು ಚೀಲದ ಮೇಲೆ ಬಿಗಿದು ಒಬ್ಬನೇ ಹೊರಟೆ.

ಹರಿಹರದಲ್ಲಿ ಹೊಳೆಯ ಸೇತುವೆಗೆ ಮುಂಚೆ ಒಂದು ಚಹಾದಂಗಡಿಯಿದೆ. ಅಂಗಡಿಯವನು ಹೆಲ್ಮೆಟ್ ನೋಡಿ, "ಇನ್ನೊಬ್ರು ಎಲ್ರಿ?" ಎಂದ. ಯಾರೂ ಇಲ್ಲ ಎನ್ನುವ ಬದಲು "ಹಿಂದೆ ಬರ್ತಾ ಅದಾರೆ" ಎಂದುಬಿಟ್ಟೆ. ಅವನು ಎರಡು ಲೋಟ ಚಹಾ ಇಟ್ಟು, ಒಂದರ ಮೇಲೆ ಬಸಿ ಮುಚ್ಚಿದ. "ಅವರು ಬರೋದ್ರಾಗೆ ಆರಬಾರ್ದು ನೋಡ್ರಿ."

ನನ್ನ ಚಹಾ ಕುಡಿಯುತ್ತ, ನಿಜವಾಗಿ ಯಾರೋ ಬರುವವರಿದ್ದಾರೆ ಎಂಬಂತೆ ದಾವಣಗೆರೆಯ ರಸ್ತೆಯನ್ನೇ ನೋಡುತ್ತ ಕೂತೆ. ಆಮೇಲೆ ಬಸಿ ತೆಗೆದು ಅದನ್ನೂ ಕುಡಿದೆ.

ಈಗಲೂ ಭಾನುವಾರ ತಪ್ಪಿಸುವುದಿಲ್ಲ. ಆ ಹೆಲ್ಮೆಟ್ಟನ್ನು ಚೀಲದಿಂದ ಬಿಚ್ಚಿಯೂ ಇಲ್ಲ. ಅಂಗಡಿಯವನು ಈಗ ಏನೂ ಕೇಳುವುದಿಲ್ಲ. ಎರಡು ಲೋಟ ಇಡುತ್ತಾನೆ, ಒಂದಕ್ಕೆ ಬಸಿ ಮುಚ್ಚುತ್ತಾನೆ.