ಅಕ್ಕನ ಎಡಗಾಲು

ಅಕ್ಕನ ಕಾಯಿಲೆ ಯಾವಾಗ ಆರಂಭವಾಯಿತೆಂಬುದನ್ನು ನಾನು ಇನ್ನೂ ಖಚಿತವಾಗಿ ಹೇಳಲಾರೆ. ಪಾವಗಡದ ಕ್ಲಿನಿಕ್ಕಿನ ಚೀಟಿಯನ್ನು ನಂಬುವುದಾದರೆ, ಎಡಗಾಲಿನ ಹೆಬ್ಬೆರಳಲ್ಲಿ ಗಾಯ ಕಂಡದ್ದು ಯುಗಾದಿ ಕಳೆದ ಮೇಲೆ. ಅಲ್ಲ, ಶಿವರಾತ್ರಿಗೇ ಅತ್ತೆ ಕುಂಟುತ್ತಿದ್ದರು ಎನ್ನುತ್ತಾಳೆ ಅಕ್ಕನ ಸೊಸೆ. ವೃತ್ತಿಜೀವನವನ್ನೆಲ್ಲ ಶಾಸನಗಳ ಕಾಲನಿರ್ಣಯದಲ್ಲಿ ಕಳೆದವನು ನಾನು. ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ಮುಂದಿನ ಸಾಲಿಗೆ ಹೋಗುವ ಅಭ್ಯಾಸ ನನಗಿಲ್ಲ. ಅಕ್ಕನ ನೆರೆಮನೆಯವರನ್ನೂ ವಿಚಾರಿಸಿದೆ. ಆ ವರ್ಷದ ಶಿವರಾತ್ರಿಗೆ ಅಕ್ಕ ದೇವಸ್ಥಾನಕ್ಕೆ ಬಂದಿರಲಿಲ್ಲ ಎಂಬುದು ಅವರಿಗೆ ನೆನಪಿತ್ತು. ಹಾಗಾಗಿ ಸೊಸೆಯ ಮಾತನ್ನೇ ಒಪ್ಪಿದೆ.

ನನ್ನ ಆ ನಿರ್ಣಯವೂ ನಿಲ್ಲಲಿಲ್ಲ.

ಅಕ್ಕ ಗಂಗಮ್ಮ ಮದುವೆಯಾಗಿ ಹೋದದ್ದು ರಾಯಚರ್ಲು ಕಡೆಯ ಹಳ್ಳಿಯೊಂದಕ್ಕೆ. ಭಾವ ತೀರಿಕೊಂಡ ಮೇಲೆ ಹೊಲವನ್ನು ಅವಳೇ ನಡೆಸಿದಳು. ಸೋಲಾರ್ ಪಾರ್ಕಿಗೆ ಜಮೀನನ್ನು ಗುತ್ತಿಗೆಗೆ ಕೊಡುವ ಮಾತು ಬಂದಾಗ ಮೊದಲು ಒಪ್ಪಿದವರಲ್ಲಿ ಅವಳೂ ಒಬ್ಬಳು. ಯಾರ ಬಲವಂತವೂ ಇರಲಿಲ್ಲ. ಗುತ್ತಿಗೆಯ ಹಣ ಸರಿಯಾಗಿ ಬರುತ್ತಿತ್ತು. ಮಗ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಅವಳಿಗೆ ಕೊರತೆಯಿದೆಯೆಂದು ನಮಗೆ ಯಾರಿಗೂ ತೋರಿರಲಿಲ್ಲ.

ಶುಗರ್ ಮೊದಲಿನಿಂದ ಇತ್ತು. ಆಮೇಲೆ ಎದೆಯುರಿ ಎಂದಳು. ತಲೆಸುತ್ತು ಎಂದಳು. ಮೈಕೈ ನೋವು ಎಂದಳು. ಒಬ್ಬರು ಗ್ಯಾಸ್ ಮಾತ್ರೆ ಕೊಟ್ಟರು, ಇನ್ನೊಬ್ಬರು ಇ.ಸಿ.ಜಿ. ತೆಗೆಸಿದರು, ಮತ್ತೊಬ್ಬರು ಡ್ರಿಪ್ ಹಾಕಿ ಕಳಿಸಿದರು. ಎಲ್ಲ ರಿಪೋರ್ಟುಗಳೂ ನಾರ್ಮಲ್. ಪ್ರತಿಯೊಬ್ಬರೂ ತಮ್ಮ ಪಾಲಿನ ಅಂಗವನ್ನು ಪರೀಕ್ಷಿಸಿ, ಅಲ್ಲಿ ಏನೂ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಿದರು. ಈ ನಡುವೆ ಅವಳು ಶುಗರ್ ಮಾತ್ರೆ ನುಂಗುವುದನ್ನು ಬಿಟ್ಟಿದ್ದಳು. ಕಾಲಿನ ಗಾಯವನ್ನು ತೊಳೆಯುವುದನ್ನೂ ಬಿಟ್ಟಿದ್ದಳು.

ತುಮಕೂರಿನ ಸರ್ಜನ್ ಬ್ಯಾಂಡೇಜ್ ಬಿಚ್ಚಿ ನೋಡಿದರು. ಮೂರು ಬೆರಳುಗಳು ಒಣಗಿ ಕಪ್ಪಾಗಿದ್ದವು.

“ಗ್ಯಾಂಗ್ರೀನ್. ಬೆರಳುಗಳನ್ನು ತೆಗೆಯೋಣ, ಪಾದ ಉಳಿಯುತ್ತೆ. ತಡ ಮಾಡಬೇಡಿ.”

“ಬ್ಯಾಡ,” ಎಂದಳು ಅಕ್ಕ.

ಸರ್ಜನ್ ಎರಡು ಸಲ ವಿವರಿಸಿದರು, ಆಮೇಲೆ ಗದರಿದರು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಹೊರಗೆ ಕಾಯುತ್ತಿದ್ದವರ ಸಾಲು ದೊಡ್ಡದಿತ್ತು. ಪೇಷೆಂಟ್ ಕೋಆಪರೇಟ್ ಮಾಡುತ್ತಿಲ್ಲ ಎಂದು ಬರೆದು, ನಮ್ಮಿಂದ ಸಹಿ ಹಾಕಿಸಿಕೊಂಡು ಡಿಸ್ಚಾರ್ಜ್ ಮಾಡಿದರು. ದಿನಾ ಡ್ರೆಸ್ಸಿಂಗಿಗೆ ಅನುಕೂಲವಾಗಲೆಂದು ಅವಳನ್ನು ಮಧುಗಿರಿಯ ನಮ್ಮ ಮನೆಗೇ ಕರೆತಂದೆ.

ನಮ್ಮ ಊರಿನ ಆಸ್ಪತ್ರೆಯಲ್ಲಿ ಆಗ ಡಾ. ಶಬಾನಾ ಇದ್ದರು. ಶಿರಾದವರು. ಫ್ಯಾಮಿಲಿ ಮೆಡಿಸಿನ್‌ನಲ್ಲಿ ಸ್ನಾತಕೋತ್ತರ ತರಬೇತಿ ಪಡೆಯುತ್ತಿದ್ದರು. ಬಿ.ಪಿ., ಶುಗರ್ ನೋಡುವ ಕೋಣೆಯಲ್ಲಿಯೇ, ಅದೇ ವೈದ್ಯರೇ, ರೋಗಿಯ ಮನಸ್ಸಿನ ಕಾಯಿಲೆಯನ್ನೂ ಗುರುತಿಸಿ ಚಿಕಿತ್ಸೆ ಆರಂಭಿಸಬೇಕೆಂಬುದು ಅವರ ಕೋರ್ಸಿನ ಒಂದು ಭಾಗ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಮನೋವೈದ್ಯರೊಬ್ಬರು ಅವರ ಕೇಸುಗಳನ್ನು ಚರ್ಚಿಸುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ನಂತರ. ಮೊದಲ ದಿನ ಕಂಡದ್ದು, ಮೊಬೈಲ್ ನೋಡಿಕೊಂಡು ಪ್ರಶ್ನೆ ಓದುವ ಒಬ್ಬ ಹೆಣ್ಣುಮಗಳು.

“ಅಜ್ಜಿ, ಇತ್ತೀಚೆಗೆ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ?”

“ಯಾವ್ ಕೆಲ್ಸ ಐತಮ್ಮ ನಂಗೆ, ಆಸಕ್ತಿ ಇರಾಕೆ?”

ಡಾಕ್ಟರ್ ಮೊಬೈಲಿನ ಪರದೆಯನ್ನು ಸರಿಸಿ ಮುಂದಿನ ಪ್ರಶ್ನೆಗೆ ಹೋದರು. ಅಕ್ಕ ನನ್ನ ಕಡೆ ತಿರುಗಿದಳು. “ಲೇ ತಮ್ಮಾ, ಈವಮ್ಮ ನಂಗೆ ಹುಚ್ಚು ಅಂತಾಳೇನ್ಲಾ?”

ಶಬಾನಾ ನಕ್ಕುಬಿಟ್ಟರು. ಮೊಬೈಲನ್ನು ಕೋಟಿನ ಜೇಬಿಗೆ ಹಾಕಿದರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಗಾಯ ಯಾವಾಗ ಆಯಿತೆಂದು ಕೇಳಲಿಲ್ಲ. ನೀವು ಚೆನ್ನಾಗಿದ್ದದ್ದು ಕೊನೇ ಸಲ ಯಾವಾಗ ಎಂದು ಕೇಳಿದರು. ಉತ್ತರ ನನ್ನ ಬಾಯಲ್ಲಿ ಸಿದ್ಧವಿತ್ತು, ಶಿವರಾತ್ರಿಯ ಪುರಾವೆಯ ಸಮೇತ. ಡಾಕ್ಟರ್ ಕೈಯೆತ್ತಿ ನನ್ನನ್ನು ತಡೆದರು. “ಅವರೇ ಹೇಳಲಿ ಸರ್.”

ಅಕ್ಕ ಬೆರಳು ಮಡಚಿ ವರ್ಷ ಎಣಿಸಿದಳು.

“ಕಡ್ಲೇಕಾಯಿ ಕಿತ್ತ ಕೊನೇ ವರ್ಷ,” ಎಂದಳು.

ಮನೆಗೆ ಬಂದು ಲೆಕ್ಕ ಹಾಕಿದೆ. ಹೊಲ ಗುತ್ತಿಗೆಗೆ ಹೋದ ವರ್ಷದ ಹಿಂದಿನ ಬೆಳೆ ಅದು. ಎದೆಯುರಿ, ತಲೆಸುತ್ತು, ಮೈಕೈ ನೋವು, ಎಲ್ಲವೂ ಅದರ ನಂತರದವು. ಗಾಯಕ್ಕಿಂತ ವರ್ಷಗಳಷ್ಟು ಹಳೆಯ ಕಾಯಿಲೆಯೊಂದು ಅವಳೊಳಗೆ ಇತ್ತು. ನಾವೆಲ್ಲ ಅದರ ಕೊನೆಯ ಲಕ್ಷಣವನ್ನು ಮೊದಲನೆಯದೆಂದು ಭಾವಿಸಿದ್ದೆವು.

ಆ ವಾರದ ವಿಡಿಯೋ ಕರೆಯಲ್ಲಿ, ಅಕ್ಕನ ಒಪ್ಪಿಗೆ ಪಡೆದು, ನಮ್ಮಿಬ್ಬರನ್ನೂ ಕೂರಿಸಿಕೊಂಡೇ ಶಬಾನಾ ಕೇಸನ್ನು ವಿವರಿಸಿದರು. ಡಿಪ್ರೆಶನ್ ಎಂದರು. ಮನೋವೈದ್ಯರು ಕೊನೆಯವರೆಗೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಸಾಯಬೇಕು ಅನಿಸುತ್ತದೆಯೇ ಎಂದು ಅವರನ್ನು ಕೇಳಿದ್ದೀರಾ?”

ಶಬಾನಾ ತಲೆ ತಗ್ಗಿಸಿದರು. “ಇಲ್ಲ ಸರ್. ಭಯವಾಯಿತು.”

“ಕೇಳುವುದರಿಂದ ಯಾರೂ ಸಾಯುವುದಿಲ್ಲ ಡಾಕ್ಟರ್. ಈಗಲೇ ಕೇಳಿ, ನಾನಿದ್ದೇನೆ.”

ಅವರು ಅಕ್ಕನ ಕೈ ಹಿಡಿದುಕೊಂಡರು. ಈ ಸಲ ಪುಸ್ತಕದ ಕನ್ನಡ ಇರಲಿಲ್ಲ.

“ಅಜ್ಜಿ, ಸತ್ತೋಗ್ಬೇಕು ಅನ್ಸುತ್ತಾ?”

“ಅಂಗೇನಿಲ್ಲ ಕಣಮ್ಮ. ಬೆಳಿಗ್ಗೆ ಎದ್ದು ಏನ್ ಮಾಡ್ಲಿ ಅಂತಾನೇ ತಿಳೀದು.” ಅಕ್ಕ ಬ್ಯಾಂಡೇಜ್ ಸುತ್ತಿದ ಪಾದವನ್ನು ನೋಡಿದಳು. “ಆ ಡಾಕುಟ್ರು ಕಾಲು ಉಳೀತದೆ, ಕಾಲು ಉಳೀತದೆ ಅಂದ್ರು.”

“ಹೌದು, ಅಜ್ಜಿ.”

“ಉಳುಸ್ಕೊಂಡು ಎಲ್ಲಿಗೆ ನಡೀಲಿ?”



ಮಾತ್ರೆ ಆರಂಭವಾಯಿತು. ಅದು ಕೆಲಸ ಮಾಡಲು ವಾರಗಳು ಬೇಕು, ಕಾಲಿಗೆ ಅಷ್ಟು ಸಮಯವಿದೆಯೋ ಇಲ್ಲವೋ ಗೊತ್ತಿಲ್ಲ ಎಂದು ಶಬಾನಾ ಮುಚ್ಚುಮರೆಯಿಲ್ಲದೆ ಹೇಳಿದರು. ಆಪರೇಶನ್ ಬೇಕೇ ಬೇಕು ಎಂಬುದನ್ನು ಅಕ್ಕನಿಗೆ ಪ್ರತಿದಿನ ಒಮ್ಮೆ ನೆನಪಿಸುತ್ತಿದ್ದರು, ಒಮ್ಮೆ ಮಾತ್ರ. ಆಮೇಲೆ ಇನ್ಸುಲಿನ್, ಡ್ರೆಸ್ಸಿಂಗ್, ಆಂಟಿಬಯೋಟಿಕ್. ಜೊತೆಗೆ, ದಿನಕ್ಕೊಂದು ಕೆಲಸವನ್ನು ಅಕ್ಕ ಕುಳಿತಲ್ಲಿಯೇ ಮಾಡಬೇಕು, ಮರುದಿನ ಬಂದು ವರದಿ ಒಪ್ಪಿಸಬೇಕು.

“ಇದೇನ್ ಔಸ್ದೀನಮ್ಮ? ಸರಿ ಬುಡು, ಮಾಡ್ತೀನಿ.”

ಮೊದಲ ದಿನ ಕಾಟಾಚಾರಕ್ಕೆ ಒಂದು ಹಿಡಿ ಅವರೆಕಾಯಿ ಸುಲಿದಳು. ಮರುದಿನ ಅದನ್ನೂ ಮಾಡಲಿಲ್ಲ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ನನ್ನ ಹೆಂಡತಿ ಆರಿಸಿಟ್ಟಿದ್ದ ಅಕ್ಕಿಯ ಮೊರವನ್ನು ಎಳೆದುಕೊಂಡು ಬೈದಳು: “ಏನೇ ಇದು, ಕಲ್ಲು ಅಂಗೇ ಬುಟ್ಟಿದೀಯ? ನನ್ ತಮ್ಮನ ಹಲ್ಲು ಉದುರ್ಲಿ ಅಂತಾನಾ?” ಹೆಂಡತಿ ಒಳಗೆ ಬಂದು ಕಣ್ಣೊರೆಸಿಕೊಂಡಳು. ಬೈಸಿಕೊಂಡದ್ದಕ್ಕಲ್ಲ. ಅಕ್ಕ ನಮ್ಮ ಮನೆಗೆ ಬಂದ ಮೇಲೆ ಯಾರನ್ನೂ ಬೈದಿರಲಿಲ್ಲ.

ಅದಾದ ಕೆಲವು ದಿನಗಳಿಗೆ ಡ್ರೆಸ್ಸಿಂಗ್ ಮುಗಿಸಿ ಆಟೋ ಹತ್ತುವಾಗ ಅವಳೇ ಹೇಳಿದಳು. “ನಡಿ ತಮ್ಮಾ, ಬೆರಳು ತೆಗ್ಸಿಬುಡಾನ. ಆ ಡಾಕುಟ್ರು ಹುಡುಗಿ ಮುಖ ನೋಡಾಕಾಗಲ್ಲ.”

ಮರುದಿನಕ್ಕೆ ತುಮಕೂರಿಗೆ ಹೋಗುವ ಏರ್ಪಾಡಾಯಿತು. ಆ ಸಂಜೆಯೇ ಚಳಿಜ್ವರ ಬಂತು. ಆ್ಯಂಬುಲೆನ್ಸಿನಲ್ಲಿ ಕೊರಟಗೆರೆ ದಾಟುವಷ್ಟರಲ್ಲಿ ಅವಳ ಮಾತು ತೊದಲುತ್ತಿತ್ತು. ಸೋಂಕು ಪಾದವನ್ನು ದಾಟಿ ಮೇಲೇರಿತ್ತು. ಸರ್ಜನ್ ಮೊದಲಿನವರೇ. ಈ ಸಲ ಅವರು ಗದರಲಿಲ್ಲ.

ಅಕ್ಕ ಒಪ್ಪಿದ್ದು ಮೂರು ಬೆರಳುಗಳಿಗೆ. ಹೋದದ್ದು ಮೊಣಕಾಲಿನ ಕೆಳಗಿನ ಇಡೀ ಕಾಲು.

ಐ.ಸಿ.ಯು.ನಿಂದ ವಾರ್ಡಿಗೆ ಬಂದ ಮೇಲೆ ಶಬಾನಾ ರಜೆ ಹಾಕಿ ನೋಡಲು ಬಂದರು. ಕಾರಿಡಾರಿನಲ್ಲಿ ನನ್ನನ್ನು ಕೇಳಿದರು, “ನಾನು ಕಾದದ್ದು ತಪ್ಪಾಯಿತೇ ಸರ್? ಬೇರೆ ಯಾರಾದರೂ ಮೊದಲೇ ಒಪ್ಪಿಸುತ್ತಿದ್ದರೇನೋ.” ಈ ಪ್ರಶ್ನೆಯನ್ನು ನಾನು ಅಂದಿನಿಂದ ಅನೇಕ ಸಲ ಪರಿಶೀಲಿಸಿದ್ದೇನೆ. ಮೊದಲ ದಿನ ಅವಳನ್ನು ಒಪ್ಪಿಸಲು ಎಲ್ಲರೂ ಪ್ರಯತ್ನಿಸಿದ್ದೆವು, ಸೋತಿದ್ದೆವು. ಕಾದದ್ದರಿಂದ ಕಾಲು ಹೋಯಿತೆನ್ನುವುದಕ್ಕೂ ಆಧಾರವಿದೆ, ಕಾದದ್ದರಿಂದ ಜೀವ ಉಳಿಯಿತೆನ್ನುವುದಕ್ಕೂ ಆಧಾರವಿದೆ. ಎರಡರಲ್ಲಿ ಒಂದನ್ನು ಆರಿಸುವ ಯೋಗ್ಯತೆ ನನ್ನ ವಿದ್ಯೆಗಿಲ್ಲ. ಕಡಲೆಕಾಯಿ ಕಿತ್ತ ಮರುವರ್ಷವೇ, ಎದೆಯುರಿಯೆಂದು ಹೋದ ಮೊದಲ ಕ್ಲಿನಿಕ್ಕಿನಲ್ಲೇ ನೀವು ಚೆನ್ನಾಗಿದ್ದದ್ದು ಯಾವಾಗ ಎಂಬ ಪ್ರಶ್ನೆಯನ್ನು ಕೇಳುವವರೊಬ್ಬರು ಇದ್ದಿದ್ದರೆ ಎಂದು ಮಾತ್ರ ಅನಿಸುತ್ತದೆ. ಅಂದೂ ಅವರಿಗೆ ಅದನ್ನೇ ಹೇಳಿದೆ. ಅವರು ಒಳಗೆ ಹೋಗಿ ಅಕ್ಕನ ಮಂಚದ ಬಳಿ ನಿಂತು ಅತ್ತರು.

“ನೀನ್ಯಾಕಮ್ಮ ಅಳ್ತೀಯ?” ಎಂದಳು ಅಕ್ಕ. “ಕಾಲು ನಂದು.”

ಶಬಾನಾ ಅವರ ತರಬೇತಿಯ ಅವಧಿ ಮುಗಿದು ಈಗ ಅವರು ಬೇರೆ ಕಡೆ ಇದ್ದಾರೆ. ಅವರ ಕೋಣೆಯಲ್ಲಿ ಅದೇ ಕೋರ್ಸಿನ ಇನ್ನೊಬ್ಬ ವೈದ್ಯರಿದ್ದಾರೆ. ಇನ್ನೂ ಮೊಬೈಲ್ ನೋಡಿಯೇ ಪ್ರಶ್ನೆ ಕೇಳುತ್ತಾರೆ. ಅಕ್ಕ ಉತ್ತರ ಕೊಡುತ್ತಾಳೆ. ಅವಳು ಗುಣವಾದಳೆಂದು ನಾನು ಬರೆಯಲಾರೆ. ಊಟ ಮಾಡುತ್ತಾಳೆ. ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾಳೆ. ಕೆಲವು ದಿನ ಗೋಡೆಯ ಕಡೆ ತಿರುಗಿ ಮಲಗಿದವಳು ಸಂಜೆಯವರೆಗೆ ಏಳುವುದಿಲ್ಲ. ಅಂಥ ದಿನಗಳಲ್ಲಿ ನಾವು ಹೆಚ್ಚು ಮಾತಾಡಿಸದೆ ಅವಳ ಹತ್ತಿರವೇ ಕೂತಿರುತ್ತೇವೆ.

ಕಳೆದ ವಾರ, ವಾಕರ್ ಹಿಡಿದು ಅಂಗಳದಲ್ಲಿ ನಡೆಯಲು ಚಪ್ಪಲಿ ಬೇಕೆಂದಳು. ತಾನೇ ಬರುತ್ತೇನೆಂದು ಹಟ ಹಿಡಿದಳು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಮುಂದೆ ಆಟೋ ನಿಲ್ಲಿಸಿದೆ. ಅಂಗಡಿಯವರು ಮೆತ್ತನೆಯ ಒಂದು ಜೊತೆ ತಂದರು. ಅಕ್ಕ ಬಲಗಾಲಿನದನ್ನು ಮೆಟ್ಟಿ, ಆಟೋದ ನೆಲಕ್ಕೆ ಒತ್ತಿ ಒತ್ತಿ ನೋಡಿದಳು.

“ಇದು ಸಾಕು. ಒಂದಕ್ಕೆ ಎಷ್ಟಪ್ಪ?”

“ಒಂದೇ ಹೆಂಗಜ್ಜಿ ಕೊಡಾದು? ಜೊತೆ ಅದು.”

ಅಕ್ಕ ಸೀರೆಯ ನೆರಿಗೆಯನ್ನು ಸ್ವಲ್ಪ ಸರಿಸಿದಳು. ಅಂಗಡಿಯವರು ನೋಡಿದರು. ಎರಡನ್ನೂ ಚೀಲಕ್ಕೆ ಹಾಕಿ, ಹಣ ಬೇಡವೆಂದು ಕೈಯಾಡಿಸಿದರು.

“ಬಿಟ್ಟಿ ಯಾಕೆ? ತಮ್ಮಾ, ಎರಡರ ದುಡ್ಡೂ ಕೊಟ್ಬುಡ್ಲಾ.” ನಾನು ಕೊಟ್ಟೆ. ಅವಳು ಚೀಲದೊಳಗಿಂದ ಎಡಗಾಲಿನ ಚಪ್ಪಲಿಯನ್ನು ತೆಗೆದು ಅವರ ಕಡೆ ಚಾಚಿದಳು.

“ಇದು ನಿನ್ ತಾವೇ ಇರ್ಲಿ. ಬಲಗಾಲು ಇಲ್ದೋರು ಯಾರಾನ ಬತ್ತಾರೆ. ಅವರತ್ರ ದುಡ್ಡು ಕೇಳ್ಬ್ಯಾಡ.”