ಆಯಿ ಹಿಡಿದ ಪಲ್ಲವಿ

ಮೆಡಿಟರೇನಿಯನ್ ಸಮುದ್ರದ ದಂಡೆಯ ಹಳೇ ಹಾಡುಗಳನ್ನು ಹಾಡುವ ತಂಡವೊಂದು ಕಾರವಾರಕ್ಕೆ ಬರುವುದಿತ್ತು. ನೂರಾರು ವರ್ಷಗಳ ಹಿಂದೆ ಕ್ರೈಸ್ತರು, ಮುಸ್ಲಿಮರು, ಯಹೂದಿಗಳು ಒಂದೇ ಊರಲ್ಲಿ ಬಾಳುವಾಗ ಹುಟ್ಟಿದ ಹಾಡುಗಳಂತೆ. ನಾನು ಬೆನ್ನು ಬಿದ್ದು, ಒಂದು ಸಂಜೆ ನಮ್ಮ ಅವರ್ಸಾಕ್ಕೂ ಬರಲು ಒಪ್ಪಿಸಿದೆ. ಜಾಗ ನಮ್ಮ ಕೇರಿಯ ವಿಠ್ಠಲ ದೇವಸ್ಥಾನದ ಅಂಗಳ. ಕಮಿಟಿಯವರು ಹೂಂ ಅಂದರು. ಅನ್ನದೇ ಇದ್ದವಳು ನನ್ನ ತಾಯಿ ಒಬ್ಬಳೇ.

ಆಯಿ ಮೀನು ಮಾರಿ ನಮ್ಮನ್ನು ಸಾಕಿದವಳು. ಆ ಅಂಗಳದ ಭಜನಾ ಸಪ್ತಾಹದಲ್ಲಿ ಮೊದಲ ಹಾಡು ಅವಳದೇ. ಸಪ್ತಾಹವೆಂದರೆ ವಾರವಿಡೀ ಹಗಲೂ ರಾತ್ರಿ ಪಾಳಿಯ ಮೇಲೆ ಭಜನೆ, ಹಾಡು ಕಡಿಯಬಾರದು. ಒಬ್ಬರ ದನಿ ಸೋತರೆ ಪಕ್ಕದವರು ಪಲ್ಲವಿ ಎತ್ತಿಕೊಳ್ಳಲೇಬೇಕು.

“ವಿಠ್ಠಲನ ಎದುರಿಗೆ ಇಗರ್ಜಿ ಹಾಡು, ಮಸೀದಿ ಹಾಡು ಎಲ್ಲ ಹೇಳಿಸ್ತೀಯಾ? ನಾನು ಬರೂದಿಲ್ಲ. ಮುಂದಿನ ಸಪ್ತಾಹಕ್ಕೂ ಬರೂದಿಲ್ಲ ನೋಡು,” ಅಂದಳು.

ಆಯಿ ಇಲ್ಲದ ಸಪ್ತಾಹ ನನಗೆ ಬೇಡವೇ ಬೇಡ. ಆದರೆ ನಾನೂ ಅವಳದೇ ಹೊಟ್ಟೆಯಲ್ಲಿ ಹುಟ್ಟಿದವಳು, ಹಟಕ್ಕೆ ಬಿದ್ದರೆ ಬಿಡುವವಳಲ್ಲ. “ಮಾಡಿಯೇ ಮಾಡ್ತೆ. ನೀ ಬಂದು ಕೇಳು, ಆಮೇಲೆ ಬಯ್ಯಿ,” ಅಂದೆ. ಅಲ್ಲಿಂದ ಮುಂದೆ ಅವಳು ನನಗೆ ಬಡಿಸಿದಳೇ ಹೊರತು ಮಾತಾಡಿಸಲಿಲ್ಲ.

ತಂಡದವರು ಚಪ್ಪಲಿ ಹೊರಗೆ ಬಿಟ್ಟು ಜಮಖಾನದ ಮೇಲೆ ಕೂತರು. ಮೇರಿಮಾತೆಯ ಹಾಡಾಯಿತು, ಸೂಫಿಗಳದ್ದಾಯಿತು. ತಿರುಗಿ ನೋಡಿದರೆ ಆಯಿ ಹಿಂದಿನ ಕಂಬಕ್ಕೆ ಒರಗಿ ಕೂತಿದ್ದಾಳೆ, ಮುಖ ಗಂಟು ಹಾಕಿಕೊಂಡು. ನಾನು ನೋಡಿಯೂ ನೋಡದವಳಂತೆ ಇದ್ದುಬಿಟ್ಟೆ.

ಕೊನೆಗೆ ಮಗು ಕಳಕೊಂಡ ಯಹೂದಿ ತಾಯಿಯ ಹಾಡು. ಗಾಯಕಿ ಒಂದೇ ಪಲ್ಲವಿಯನ್ನು ಮತ್ತೆ ಮತ್ತೆ ಹಾಡಿ, ನಡುವೆ ನಿಲ್ಲಿಸಿ ಕಣ್ಣು ಮುಚ್ಚಿದಳು. ಆ ಮೌನ ಬೇಕೆಂದೇ ಇಟ್ಟದ್ದು, ಹಾಡಿನದೇ ಭಾಗ. ಆಯಿಗೆ ಅದನ್ನು ಯಾರು ಹೇಳಬೇಕು? ಹುಡುಗಿಯ ದನಿ ಸೋತಿದೆ ಅಂದುಕೊಂಡಳು. ಹಿಂದಿನಿಂದ ಅದೇ ಧಾಟಿ ಎದ್ದು ಬಂತು, ಶಬ್ದ ಮಾತ್ರ “ವಿಠ್ಠಲ, ವಿಠ್ಠಲ”.

ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಗಾಯಕಿ ಕಣ್ಣು ತೆರೆದು, ಒಂದು ಗಳಿಗೆ ಆಯಿಯನ್ನೇ ನೋಡಿ, ತಾನೂ ಸೇರಿ ಹಾಡಿದಳು. ಭಜನೆಯ ಹೆಂಗಸರೂ ದನಿಗೂಡಿಸಿದರು. ನನಗೆ ಅಳು ತಡೆಯಲಾಗಲಿಲ್ಲ.

ಮನೆಗೆ ನಡೆಯುವಾಗ ನಾನೇ ಕೆಣಕಿದೆ: “ಬರೂದಿಲ್ಲ ಅಂದವಳು ಹಾಡೇಬಿಟ್ಯಲ್ಲ?”

“ಮತ್ತೆ? ಹಾಡು ಕಡಿದು ಬೀಳೂದನ್ನ ನೋಡ್ತಾ ಕೂರಲಾ?” ಅಂದಳು. ಮನೆಯ ಬಾಗಿಲು ತೆಗೆಯುತ್ತ ಅವಳೇ ಮುಂದುವರಿಸಿದಳು. “ಆ ಹುಡುಗಿ ಸಪ್ತಾಹಕ್ಕೆ ಬರ್ತಾಳಾ ಕೇಳು. ನಮ್ಮ ನಸುಕಿನ ಪಾಳಿಗೆ ಜನ ಸಾಲೂದಿಲ್ಲ.”